ಬುದ್ಧ ಮಲಗಿದ ಊರಿನಲ್ಲಿ ಒಂದು ಹಗ್ಗ

ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮನ್ನು ಯಾದಗಿರಿಯಲ್ಲಿ ಇಳಿಸಿ ಹೊರಡುವಾಗ ಇನ್ನೂ ಬೆಳಕು ಹರಿದಿಲ್ಲ. ಡಿಸೆಂಬರಿನ ಚಳಿ ಕಿವಿ ಕಚ್ಚುತ್ತಿದೆ. ಸ್ಟೇಷನ್ನಿನ ಹೊರಗೆ ಸ್ಟವ್ ಭುಸುಗುಡುತ್ತಿದೆ. ಅದರ ಸುತ್ತ ಕಂಬಳಿ ಹೊದ್ದ ನಾಲ್ಕೈದು ಜನ, ಪುಟ್ಟ ಗಾಜಿನ ಲೋಟಗಳಲ್ಲಿ ಹೊಗೆಯಾಡುವ ಚಹಾ. ನಾವು ನಾಲ್ವರೂ ಬೆನ್ನಿನ ಚೀಲ ಇಳಿಸಿ ಅಲ್ಲೇ ನಿಲ್ಲುತ್ತೇವೆ. ಯಾರೂ ಮಾತಾಡುವುದಿಲ್ಲ. ಎಲ್ಲರ ಕಿವಿಯಲ್ಲೂ ಈಗ ಒಂದೇ ದನಿ ಎಂದು ನನಗೆ ಗೊತ್ತು: “ಯಾದಗಿರಿ ಸ್ಟೇಷನ್‌ದಾಗ ಇಳದ ಕೂಡ್ಲೆ ತಲಿ ಎತ್ತಿ ನೋಡ್ರಿ. ಊರ ನಡುವ ಒಂದು ಗುಡ್ಡ ನಿಮ್ಮ ಹಾದಿ ಕಾಯ್ಕೋತ ಕುಂತಿರ್ತದ.”

ತಲೆ ಎತ್ತುತ್ತೇವೆ. ಮನೆಗಳ ಮಾಳಿಗೆ, ನೀರಿನ ಟ್ಯಾಂಕು, ಮೊಬೈಲ್ ಟವರು, ಇವೆಲ್ಲದರ ಹಿಂದೆ ಆಕಾಶಕ್ಕಿಂತ ಕಪ್ಪಾದದ್ದೊಂದು ಕುಳಿತಿದೆ. ನೋಡುತ್ತಿದ್ದಂತೆ ಅದರ ಅಂಚಿಗೆ ಬೂದಿಬಣ್ಣ ಹತ್ತುತ್ತದೆ, ಬೂದಿ ತಾಮ್ರಕ್ಕೆ ತಿರುಗುತ್ತದೆ, ಆಗ ಅಲ್ಲಿ ಗೋಡೆ, ಬುರುಜು, ಬಂಡೆ ಒಂದೊಂದೇ ಬಿಡಿಯಾಗಿ ಕಾಣತೊಡಗುತ್ತವೆ. ಅಣ್ಣ ಇಪ್ಪತ್ತು ವರ್ಷ ನಮಗೆ ಹೇಳುತ್ತಾ ಬಂದ ಗುಡ್ಡ ಇದು. ಅವನಿದ್ದಾಗ ಬರಲಿಲ್ಲ.

ಅಣ್ಣ ಎಂದರೆ ಯಾರು ಎಂದು ಬೆಂಗಳೂರಿನ ಬಂಡೆ ಹತ್ತುವವರಿಗೆ ಹೇಳಬೇಕಿಲ್ಲ. ಶಹಾಪುರದಿಂದ ಕೆಲಸಕ್ಕೆಂದು ಬಂದು, ವಾರವಿಡೀ ಆಫೀಸಿನಲ್ಲಿ ಲೆಕ್ಕ ಬರೆದು, ಭಾನುವಾರ ಬೆಳಗಾದರೆ ತುರಹಳ್ಳಿಯ ಗುಂಡುಕಲ್ಲುಗಳ ಹತ್ತಿರವೋ ರಾಮನಗರದ ಬೆಟ್ಟಗಳ ಬುಡದಲ್ಲೋ ಹಗ್ಗ ಸುತ್ತಿಕೊಂಡು ಕುಳಿತಿರುತ್ತಿದ್ದ ಮನುಷ್ಯ. ಚಳಿಗಾಲದಲ್ಲಿ ನಮ್ಮನ್ನು ಬಾದಾಮಿಯ ಕೆಂಪು ಗೋಡೆಗಳಿಗೆ ಕರೆದೊಯ್ಯುತ್ತಿದ್ದ. ಕಂಠೀರವ ಸ್ಟೇಡಿಯಮ್ಮಿನ ಕೃತಕ ಗೋಡೆಯಲ್ಲಿ ಹೆದರಿ ಅಳುತ್ತಿದ್ದ ಎಷ್ಟೋ ಮಕ್ಕಳ ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿರುತ್ತಿತ್ತು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಬಂಡೆಯಿಂದ ಬೀಳಲಿಲ್ಲ, ಹಿಮದಲ್ಲಿ ಸಿಕ್ಕಲಿಲ್ಲ. ಎದೆ ನಿಂತಿತು, ಅಷ್ಟೆ. ಮುಂದಿನ ಭಾನುವಾರ ರಾಮನಗರದಲ್ಲಿ ಹದಿನೈದಿಪ್ಪತ್ತು ಜನ ಸೇರಿದ್ದೆವು. ಅವನು ಮೆಚ್ಚಿ ಹತ್ತುತ್ತಿದ್ದ ಬಂಡೆಯ ಕೆಳಗೆ ಹಗ್ಗ ಇಟ್ಟುಕೊಂಡು ಸಂಜೆಯತನಕ ಕುಳಿತೆವು. ಯಾರೂ ಹತ್ತಲಿಲ್ಲ.

ಅವತ್ತೇ ತೀರ್ಮಾನವಾಯಿತು, ಅವನ ಊರಿಗೆ ಹೋಗುವುದೆಂದು.

ಕೋಟೆಯ ದಾರಿ ಊರ ಓಣಿಗಳೊಳಗಿಂದಲೇ ಶುರುವಾಗುತ್ತದೆ. ಕಸಬರಿಗೆಯ ಸದ್ದು, ಅಂಗಳಕ್ಕೆ ಎರಚಿದ ನೀರಿನ ಮಣ್ಣುವಾಸನೆ, ಮಸೀದಿಯ ಬಾಂಗು, ಎಲ್ಲಿಂದಲೋ ಟೇಪಿನ ಭಜನೆ. ಮನೆಗಳು ಮುಗಿದದ್ದೇ ಮೆಟ್ಟಿಲು. ಮೆಟ್ಟಿಲು ತಿರುಗಿದಲ್ಲಿ ದೊಡ್ಡ ಬಾಗಿಲು. ಇಲ್ಲಿ ಕೋಟೆ ಕಟ್ಟಿದವರು ಬಂಡೆಯನ್ನು ಒಡೆಯುವ ಗೋಜಿಗೆ ಹೋಗಿಲ್ಲ. ಆನೆ ಗಾತ್ರದ ಗುಂಡು ಎದುರಾದಲ್ಲಿ ಗೋಡೆಯನ್ನು ಅದರವರೆಗೆ ತಂದು ನಿಲ್ಲಿಸಿ, ಅದರ ಆಚೆಯಿಂದ ಮತ್ತೆ ಶುರು ಮಾಡಿದ್ದಾರೆ. ಎಲ್ಲಿ ಗುಡ್ಡ ಮುಗಿದು ಎಲ್ಲಿ ಕೋಟೆ ಹುಟ್ಟಿತೆಂದು ಬೆರಳಿಟ್ಟು ಹೇಳಲಾಗದು. ಯಾದವಗಿರಿಯೇ ಯಾದಗಿರಿಯಾಯಿತು ಎನ್ನುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲ, ಬಹಮನಿ, ಆದಿಲ್‌ಶಾಹಿ, ನಿಜಾಮರು, ಎಲ್ಲರೂ ಈ ಮೆಟ್ಟಿಲು ತುಳಿದು ಹೋಗಿದ್ದಾರೆ. ಈ ಊರು 2009ರ ಕೊನೆಗೆ ಜಿಲ್ಲಾ ಕೇಂದ್ರವಾಯಿತು. ಅವತ್ತು ಅಣ್ಣ ತುರಹಳ್ಳಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದ.

ದಾರಿ ಬಿಟ್ಟು ಒಂದು ಇಳಿಜಾರು ಬಂಡೆಯ ಮೇಲೆ ಹೆಜ್ಜೆ ಇಡುತ್ತೇನೆ. ಗ್ರಾನೈಟಿನ ಕಾಳು ಬೂಟಿನ ಅಡಿಗೆ ಕಚ್ಚಿಕೊಳ್ಳುತ್ತದೆ. “ಬಂಡಿ ಹಿಡೀಲಿಕ್ಕ ಹೋಗಬ್ಯಾಡ ತಮ್ಮಾ, ಬಂಡಿ ಮ್ಯಾಲ ನಿಲ್ಲು” ಎನ್ನುತ್ತಿದ್ದ ಅವನು. ಕಲಿಯುವವರೆಲ್ಲ ಕೈಯನ್ನೇ ನಂಬುತ್ತಾರೆ. ಅವನು ಪಾದದಿಂದ ಪಾಠ ಶುರು ಮಾಡುತ್ತಿದ್ದ: ಹಿಮ್ಮಡಿ ಇಳಿಸು, ಮೈಭಾರ ಬೆರಳಿಗೆ ಬಿಡು, ಉಸಿರು ಬಿಡು. ಆ ಪಾಠ ಎಲ್ಲಿಯದೆಂದು ಈಗ ತಿಳಿಯುತ್ತಿದೆ. ಈ ಕಡೆಯ ಗುಡ್ಡಗಳಲ್ಲಿ ಹಿಡಿಯಲು ಬಿರುಕಾಗಲಿ ಅಂಚಾಗಲಿ ಕಡಿಮೆ. ಸುಮಾರು ಇನ್ನೂರೈವತ್ತು ಕೋಟಿ ವರ್ಷ ಹಳೆಯ, ಬಿಸಿಲು ಮಳೆ ಉಂಡು ಈರುಳ್ಳಿ ಸಿಪ್ಪೆಯಂತೆ ಪದರ ಪದರ ಕಳಚುತ್ತಾ ನುಣುಪಾಗಿ ಉರುಟಾದ ಕಲ್ಲುಗಳಿವು. ಇಲ್ಲಿ ಬೆಳೆದ ಹುಡುಗ ನಿಲ್ಲುವುದನ್ನೇ ಮೊದಲು ಕಲಿತಿರಬೇಕು.

ಮೇಲೆ ಹೋದಾಗ ಸೂರ್ಯ ಎದ್ದಿದ್ದಾನೆ. ನೀರಿನ ಹೊಂಡದಲ್ಲಿ ಬುರುಜಿನ ನೆರಳು. ಬಯಲಿಗೆ ಬಾಯಿ ಮಾಡಿ ಮಲಗಿದ ಉದ್ದನೆಯ ತೋಪು, ಮುಟ್ಟಿದರೆ ರಾತ್ರಿಯ ತಂಪು ಇನ್ನೂ ಅದರ ಕಬ್ಬಿಣದಲ್ಲಿದೆ. ಇಬ್ಬರು ಹುಡುಗರು ಅದರ ಮೇಲೆ ಕುದುರೆ ಕೂತಂತೆ ಕೂತು ಫೋಟೊ ತೆಗೆದುಕೊಳ್ಳುತ್ತಿದ್ದಾರೆ. ಕೆಳಗೆ ಊರು, ಊರಾಚೆ ತೊಗರಿ ಹೊಲಗಳ ಮಾಸಲು ಹಳದಿ, ಅದರಾಚೆ ಭೀಮಾ ನದಿಯ ಬೆಳ್ಳಿಗೆರೆ. ಮುಂಬೈ ಕಡೆಯಿಂದ ಬಂದ ಗೂಡ್ಸ್ ರೈಲೊಂದು ಆಟಿಕೆಯಷ್ಟು ಸಣ್ಣದಾಗಿ ನಿಧಾನ ಸಾಗುತ್ತಿದೆ. ನಮ್ಮ ಗುಂಪಿನ ಹುಡುಗಿ, ಅಣ್ಣನ ಕೊನೆಯ ಶಿಷ್ಯೆ, ಬಂಡೆಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿ ಕುಳಿತಿದ್ದಾಳೆ. ಅವಳನ್ನು ಯಾರೂ ಎಬ್ಬಿಸುವುದಿಲ್ಲ.

ಶಹಾಪುರದ ಬಸ್ಸು ಭೀಮಾ ಸೇತುವೆ ದಾಟುತ್ತದೆ. ಚಳಿಗಾಲದ ನದಿ ಬಂಡೆಗಳ ನಡುವೆ ತಿಳಿಯಾಗಿದೆ, ಒಬ್ಬ ಎಮ್ಮೆ ತೊಳೆಯುತ್ತಿದ್ದಾನೆ. ನೆಲ ಕಪ್ಪಾಗುತ್ತದೆ. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗೆ, ಸಾಲು ಹಿಡಿದು ಬಿಡಿಸುವ ಹೆಂಗಸರ ಮಡಿಲು ಉಬ್ಬಿವೆ. ಟ್ರ್ಯಾಕ್ಟರಿನಿಂದ ಹಾರಿದ ಹತ್ತಿಯ ಎಳೆಗಳು ರಸ್ತೆ ಬದಿಯ ಜಾಲಿ ಮುಳ್ಳಿಗೆ ಸಿಕ್ಕಿ ಹೂ ಬಿಟ್ಟಂತಿವೆ. ನಾರಾಯಣಪುರ ಜಲಾಶಯದ ಕಾಲುವೆ ಮುಟ್ಟಿದಲ್ಲಿ ಭತ್ತ, ಮೆಣಸಿನಕಾಯಿ. ಮುಟ್ಟದಲ್ಲಿ ಬಿಳಿಜೋಳ. ಬಸ್ಸಿನಲ್ಲಿ ಪಕ್ಕದ ಅಜ್ಜ ನಮ್ಮ ಚೀಲದಿಂದ ಇಣುಕುವ ಹಗ್ಗ ನೋಡಿ, “ಬಾವಿ ಕೆಲಸಕ್ಕ ಬಂದೀರೇನ್ರಿ?” ಎಂದು ಕೇಳುತ್ತಾರೆ. ಬಂಡೆ ಹತ್ತಲು ಎಂದು ಹೇಳಿದಾಗ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, “ಹತ್ರಿ. ನಮ್ಮ ಕಡಿ ಅದಕ್ಕೇನೂ ಬರ ಇಲ್ಲ” ಎನ್ನುತ್ತಾರೆ.

ನಂತರ ಅವರೇ ನನ್ನ ತೋಳು ತಟ್ಟುತ್ತಾರೆ. “ಅಲ್ಲಿ ನೋಡ್ರಿ.”

ಕಿಟಕಿಯಾಚೆ ಬುದ್ಧ ಮಲಗಿದ್ದಾನೆ.

ಅಣ್ಣ ಇದನ್ನು ಹೇಳುವಾಗಲೆಲ್ಲ ನಾವು ಊರಭಿಮಾನ ಎಂದುಕೊಂಡಿದ್ದೆವು. ಗುಡ್ಡದಲ್ಲಿ ಮುಖ ಕಾಣುವುದು ಎಲ್ಲ ಊರಿನಲ್ಲೂ ಇರುವ ಮಾತು, ನೋಡುವವರ ಮನಸ್ಸು ಅರ್ಧ ಚಿತ್ರ ಬರೆದುಕೊಳ್ಳಬೇಕು. ಇಲ್ಲಿ ಬರೆದುಕೊಳ್ಳಲು ಏನೂ ಉಳಿದಿಲ್ಲ. ಅಂಗಾತ ಮಲಗಿದ ದೇಹ. ಹಣೆ, ಮೂಗಿನ ಏರು, ತುಟಿಯ ಇಳಿತ, ಗದ್ದ, ಆಮೇಲೆ ಎದೆಯ ವಿಸ್ತಾರ, ಹೊಟ್ಟೆ, ತುದಿಯಲ್ಲಿ ಪಾದ. ಬೇರೆ ಬೇರೆ ಗುಡ್ಡಗಳು ಒಂದರ ಹಿಂದೊಂದು ನಿಂತು ದೂರದಿಂದ ಒಂದೇ ಗೆರೆಯಾಗಿವೆ. ಬಸ್ಸು ಮುಂದೆ ಸರಿದಂತೆ ಗೆರೆ ಮೆಲ್ಲಗೆ ಕದಲುತ್ತದೆ. ಮಲಗಿದವನು ಉಸಿರಾಡಿದ ಹಾಗೆ ಕಾಣುತ್ತದೆ. ಇದು ನನ್ನ ಕಣ್ಣಿನ ಭ್ರಮೆಯೆಂದು ತಿಳಿದೂ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ.

ಈ ಹೆಸರು ಗಾಳಿಯಲ್ಲಿ ಬಂದದ್ದೂ ಅಲ್ಲ ಅನ್ನಿಸುತ್ತದೆ. ಇದೇ ಭೀಮಾ ದಂಡೆಯ ಮೇಲೆ, ಪಕ್ಕದ ಕಲಬುರಗಿ ಜಿಲ್ಲೆಯ ಸನ್ನತಿ ಮತ್ತು ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪವೇ ಮಣ್ಣಿನಿಂದ ಎದ್ದಿತು. ಅಶೋಕನ ಹೆಸರು ಕೆತ್ತಿದ ಅವನದೇ ಚಿತ್ರಶಿಲ್ಪ ಸಿಕ್ಕಿದ್ದು ಅಲ್ಲಿ. ಎರಡು ಸಾವಿರ ವರ್ಷದ ಹಿಂದೆ ಈ ಹಾದಿಯಲ್ಲಿ ನಡೆದ ಭಿಕ್ಷುಗಳು ಈ ಗುಡ್ಡ ನೋಡದೆ ಹೋಗಿರಲಾರರು.

ಶಹಾಪುರದಲ್ಲಿ ಅಣ್ಣನ ಅಕ್ಕ ಬಾಗಿಲಲ್ಲೇ ನಿಂತಿದ್ದಾರೆ. ನಾವು ಏನು ಹೇಳಬೇಕೆಂದು ರೈಲಿನಲ್ಲಿ ಯೋಚಿಸಿಕೊಂಡು ಬಂದಿದ್ದೆವು, ಅದಕ್ಕೆ ಅವರು ಅವಕಾಶವನ್ನೇ ಕೊಡುವುದಿಲ್ಲ. “ಕಾಲ್ ತೊಳಕೋರಿ ಮೊದಲ. ಬಿಸಿಲಾಗ ಬಂದೀರಿ.” ಒಳಗೆ ರೊಟ್ಟಿ ತಟ್ಟುವ ಸದ್ದು. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ನಾಲ್ಕನೆಯ ರೊಟ್ಟಿಗೆ ಬೇಡವೆಂದರೆ ಅವರು ನಗುತ್ತಾರೆ, ಬಂದಾಗಿನಿಂದ ಮೊದಲ ಸಲ. “ನಮ್ಮ ತಮ್ಮ ಹೇಳ್ತಿದ್ದ. ಬೆಂಗಳೂರಾನ ಹುಡುಗ್ರು ಗುಡ್ಡ ಹತ್ತತಾವ, ರೊಟ್ಟಿ ಉಣ್ಣಂಗಿಲ್ಲ ಅಂತ.”

ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ನಿಲ್ಲುತ್ತೇನೆ. ಮಣ್ಣಿನ ಗೋಡೆಗೆ ಎಂದೋ ಎತ್ತು ಕಟ್ಟಲು ಬಡಿದ ಕಬ್ಬಿಣದ ಉಂಗುರ. ಅದರಿಂದ ಎದುರಿನ ಕಂಬದವರೆಗೆ ಬಿಗಿದ ಹಗ್ಗ. ಹಗ್ಗದ ಮೇಲೆ ಸೀರೆ, ಟವೆಲು, ಕೌದಿ. ಬಿಸಿಲಿಗೆ ಬಣ್ಣ ಹೋಗಿ ಬೂದಿಯಾಗಿದ್ದರೂ ಹೆಣಿಗೆ ನೋಡಿದರೆ ಗುರುತು ಸಿಗುತ್ತದೆ. ಮೇಲ್ಪದರ ತರಚಿ ನವಿರು ಎದ್ದಿದೆ. ನಡುವೆ ಒಂದು ಕಡೆ, ಅರವತ್ತು ಮೀಟರಿನ ಅರ್ಧ ತಿಳಿಯಲೆಂದು ಹಚ್ಚಿದ್ದ ಕಪ್ಪು ಮಸಿ ಇನ್ನೂ ಉಳಿದಿದೆ. ಬಾದಾಮಿಯಲ್ಲಿ ನಾನು ಮೊದಲ ಸಲ ಕೈಜಾರಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದ ನೀಲಿ ಹಗ್ಗ ಇದು.

“ಹತ್ತು ವರ್ಷ ಆದ ಹಗ್ಗಕ್ಕ ಮನಷ್ಯಾರ ಭಾರ ಹಾಕಬಾರದಂತ,” ಹಿಂದೆಯೇ ಬಂದ ಅಕ್ಕ ಹೇಳುತ್ತಾರೆ. “ಅರಿವಿ ಭಾರ ಹಾಕಬಹುದು ಅಂತ ತಂದು ಕಟ್ಟಿ ಹೋದ. ಮೂರು ವರ್ಷ ಆತು.”

ಉಂಗುರಕ್ಕೆ ಹಾಕಿದ ಗಂಟು ನೋಡುತ್ತೇನೆ. ಎಂಟರ ಗಂಟು. ಸೊಂಟದ ಪಟ್ಟಿಗೆ ಹಗ್ಗ ಕಟ್ಟುವಾಗ ನಾವು ಹಾಕುವ ಅದೇ ಗಂಟು, ಎರಡೆಳೆಯೂ ಎಲ್ಲೂ ಒಂದರ ಮೇಲೊಂದು ಏರದೆ ಜೋಡಿ ಎತ್ತಿನಂತೆ ಅಕ್ಕಪಕ್ಕ ಹೋಗಿವೆ, ಬಾಲ ಒಂದು ಗೇಣು ಬಿಟ್ಟಿದೆ. ಬಟ್ಟೆ ಒಣಗಿಸುವುದಕ್ಕೂ ಅವನು ಗಂಟನ್ನು ಅರೆಬರೆ ಹಾಕಿರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಓಣಿಯ ಹುಡುಗನೊಬ್ಬ ನಮ್ಮನ್ನು ಗುಡ್ಡಕ್ಕೆ ಕರೆದೊಯ್ಯುತ್ತಾನೆ. ಸೀತಾಫಲದ ಪೊದೆ, ಬಾರಿಹಣ್ಣಿನ ಗಿಡ, ಕಾಲಿಗೆ ಚುಚ್ಚುವ ಒಣ ಹುಲ್ಲು. ಕಲ್ಲಿನ ಮೇಲೆ ಓತಿಕ್ಯಾತ ತಲೆ ಕುಣಿಸುತ್ತಿದೆ. ಎಲ್ಲೋ ನವಿಲು ಕೂಗಿ ಬಂಡೆಗಳು ಅದನ್ನು ಒಂದರಿಂದೊಂದಕ್ಕೆ ದಾಟಿಸುತ್ತವೆ. ಮಲಗಿದ ಬುದ್ಧನ ರೂಪ ಇಲ್ಲಿಂದ ಸಿಗುವುದಿಲ್ಲ. ಹತ್ತಿರ ಬಂದರೆ ಬರೀ ಬಂಡೆ, ನೆರಳು, ದನದ ಜಾಡು. ಹುಡುಗ ಒಂದು ಗುಂಡಿನ ಮುಂದೆ ನಿಂತು, “ಇದ ಅವರ ಬಂಡಿ” ಎನ್ನುತ್ತಾನೆ. ಎರಡಾಳು ಎತ್ತರ, ಜೇನುಬಣ್ಣ. ಮುಖದ ಮೇಲೆ ಹಿಡಿಯಲು ಏನೇನೂ ಇಲ್ಲ. ಸುಮಾರು ಮೊಣಕಾಲೆತ್ತರದಲ್ಲಿ ನಾಣ್ಯದಗಲದ ಒಂದು ತಗ್ಗು ಮಾತ್ರ ಇದೆ, ಬೆರಳಿಟ್ಟರೆ ಸುತ್ತಲಿನ ಕಲ್ಲಿಗಿಂತ ನುಣುಪು. ಎಷ್ಟು ಸಂಜೆ, ಎಷ್ಟು ಬರಿಗಾಲು ಅಲ್ಲಿ ಮೆಟ್ಟಿದ್ದವೋ.

ಹುಡುಗಿ ಶೂ ಬಿಚ್ಚಿ ಬರಿಗಾಲಲ್ಲಿ ಹತ್ತುತ್ತಾಳೆ. ಬೆವರಿಗೆ ಹಚ್ಚಿಕೊಳ್ಳುವ ಚಾಕ್ ಪುಡಿಯ ಚೀಲವನ್ನು ಅವಳು ತೆರೆಯುವುದೇ ಇಲ್ಲ. ಅಣ್ಣನ ಜೇಬಿನಲ್ಲಿ ಯಾವಾಗಲೂ ಹಳೆಯ ಹಲ್ಲುಜ್ಜುವ ಬ್ರಶ್ ಇರುತ್ತಿತ್ತು. ಎಲ್ಲರೂ ಇಳಿದ ಮೇಲೆ ಅವನೊಬ್ಬನೇ ಮತ್ತೆ ಏರಿ, ನಾವು ಬಿಟ್ಟ ಬಿಳಿ ಗುರುತುಗಳನ್ನೆಲ್ಲ ಉಜ್ಜಿ ಬರುತ್ತಿದ್ದ. “ಬಂಡಿ ಮಾರಿ ತೊಳದು ಹೋಗಬೇಕು. ನಾಳೆ ಬರಾವರಿಗೆ ಹಾದಿ ನಾವು ಹೇಳಿಕೊಡಬಾರದು.” ಅವಳು ಮೂರು ಸಲ ಜಾರುತ್ತಾಳೆ. ನಾಲ್ಕನೆಯ ಸಲಕ್ಕೆ ಹಿಮ್ಮಡಿ ಇಳಿಯುತ್ತದೆ, ಭುಜ ಸಡಿಲುತ್ತದೆ, ಅವಳು ನಿಲ್ಲುತ್ತಾಳೆ. ಮೇಲೆ ಮುಟ್ಟಿದವಳು ಅಲ್ಲೇ ಕುಳಿತು ಮೊಣಕಾಲಿಗೆ ಮುಖ ಹಚ್ಚಿ ಅಳುತ್ತಾಳೆ. ನಾವು ಕೆಳಗೆ ಕೈ ಚಾಚಿ ಹಾಗೇ ನಿಂತಿದ್ದೇವೆ. ಯಾರಾದರೂ ಹತ್ತುವಾಗ ಕೆಳಗೆ ನಿಂತವರು ಹೀಗೆ ಕೈ ಚಾಚಿರಬೇಕು, ಬಿದ್ದರೆ ಹಿಡಿಯಲು. ಅವಳು ಅಳು ಮುಗಿಸಿ ಇಳಿಯುವವರೆಗೂ ಕೈ ಇಳಿಸುವುದಿಲ್ಲ.

ಸಂಜೆ ಬಂಡೆಯ ಮೇಲೆ ಕುಳಿತು ಹೋದವರ ಮಾತಾಡುತ್ತೇವೆ. ಬೆಟ್ಟಕ್ಕೆ ಹೋಗುವವರ ನಡುವೆ ಈ ಮಾತು ಒಮ್ಮೆ ಶುರುವಾದರೆ ಒಬ್ಬರಿಗೆ ನಿಲ್ಲುವುದಿಲ್ಲ. 2024ರ ಜೂನ್ ಮೊದಲ ವಾರ ನೆನಪಾಗುತ್ತದೆ. ಕರ್ನಾಟಕ ಮೌಂಟೇನಿಯರಿಂಗ್ ಅಸೋಸಿಯೇಷನ್ ಮೂಲಕ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಹೆಚ್ಚಿನವರು ಬೆಂಗಳೂರಿನವರೇ ಆಗಿದ್ದ, ಮಾರ್ಗದರ್ಶಿಗಳೂ ಸೇರಿ 22 ಜನರ ತಂಡ. ವಾಪಸು ಬರುವಾಗ ಹದಿನಾಲ್ಕು ಸಾವಿರ ಅಡಿಗೂ ಮೇಲೆ ಹಿಮಗಾಳಿ ಹಿಡಿಯಿತು. ಎದುರಿನವರು ಕಾಣದಷ್ಟು ಬಿಳಿ. ಒಂಬತ್ತು ಜನ ಅಲ್ಲೇ ಉಳಿದರು. ಹದಿಮೂರು ಜನರನ್ನು ಹೆಲಿಕಾಪ್ಟರಿನಲ್ಲೂ ಕಾಲ್ನಡೆಯಲ್ಲೂ ಇಳಿಸಿ ತಂದರು. ಆ ರಾತ್ರಿ ಬೆಂಗಳೂರಿನ ಚಾರಣಿಗರ ಫೋನುಗಳು ಮಲಗಲಿಲ್ಲ. ಯಾರು, ಯಾರು ಎಂದು ಕೇಳುವ ಮಾತು, ಹೆಸರು ಕೇಳಿದ ಮೇಲೆ ಆಚೆ ಕಡೆಯ ಮೌನ. ಅಣ್ಣ ಆ ವಾರವೆಲ್ಲ ಆಫೀಸಿಗೆ ರಜೆ ಹಾಕಿದ್ದ. ಭಾನುವಾರ ತುರಹಳ್ಳಿಗೆ ಬಂದವನು ಒಂಬತ್ತು ಸಣ್ಣ ಕಲ್ಲು ಆರಿಸಿ ಒಂದರ ಮೇಲೊಂದು ಪೇರಿಸಿದ. ಪೇರಿಸಿ, ಹೊಸಬರಿಗೆ ಗಂಟು ಕಲಿಸಲು ಕುಳಿತ.

ಅವನು ಮಕ್ಕಳಿಗೆ ಹೇಳುತ್ತಿದ್ದ ಕತೆಯೂ ಹೋದವರದೇ. ಆಂಧ್ರದ ಕೋರುಕೊಂಡ ಸೈನಿಕ ಶಾಲೆಯಲ್ಲಿ ಒಂದು ಪ್ರತಿಮೆ ಇದೆ. 1985ರಲ್ಲಿ ಎವರೆಸ್ಟಿನಲ್ಲಿ ತೀರಿಹೋದ ಲೆಫ್ಟಿನೆಂಟ್ ಉದಯ ಭಾಸ್ಕರ ರಾವ್ ಅವರದು, ಅದೇ ಶಾಲೆಯಲ್ಲಿ ಓದಿದವರು. ಆ ಪ್ರತಿಮೆ ನೋಡಿ ನೋಡಿ ನೆಲ್ಲೂರು ಜಿಲ್ಲೆಯ ಹಳ್ಳಿ ಹುಡುಗನೊಬ್ಬನಿಗೆ ಬೆಟ್ಟದ ಹುಚ್ಚು ಹತ್ತಿತು. ಅವನೇ ಮಲ್ಲಿ ಮಸ್ತಾನ್ ಬಾಬು. 2006ರಲ್ಲಿ ಏಳು ಖಂಡಗಳ ಏಳು ಶಿಖರಗಳನ್ನು 172 ದಿನಗಳಲ್ಲಿ ಹತ್ತಿದ. 2015ರಲ್ಲಿ ಆಂಡಿಸ್ ಪರ್ವತದಲ್ಲಿ ತೀರಿಹೋದ. ಕತೆ ಇಲ್ಲಿಗೆ ಬಂದಾಗ ಮಕ್ಕಳು ಸುಮ್ಮನಾಗುತ್ತಿದ್ದರು. ಅಣ್ಣನೂ ಸುಮ್ಮನಿದ್ದು, ಸ್ವಲ್ಪ ಹೊತ್ತಿನ ನಂತರ ಹಗ್ಗ ಎತ್ತಿಕೊಂಡು “ಯಾರು ಮೊದಲ?” ಎಂದು ಕೇಳುತ್ತಿದ್ದ.

ಮರುದಿನ ಬೆಳಗಿನ ಜಾವವೇ ವಿಭೂತಿಹಳ್ಳಿಗೆ ಹೋಗುತ್ತೇವೆ. ಶಹಾಪುರದಿಂದ ಸುರಪುರದ ದಾರಿಯಲ್ಲಿ ನಾಲ್ಕೈದು ಕಿಲೋಮೀಟರು. ಬಯಲಲ್ಲಿ ಗುಂಡುಕಲ್ಲುಗಳು ಬಿದ್ದಿವೆ, ಕುರಿಮಂದೆ ಮಲಗಿದ ಹಾಗೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದದ್ದೇ ತಡ ಮೈ ಜುಮ್ಮೆನ್ನುತ್ತದೆ. ಬಿದ್ದ ಕಲ್ಲುಗಳು ಸಾಲು ಹಿಡಿದಿವೆ! ನೇರಕ್ಕೆ ಸಾಲು, ಅಡ್ಡಕ್ಕೆ ಸಾಲು, ಓರೆಗೂ ಸಾಲು. ಯಾರೋ ಅಳೆದು, ಉರುಳಿಸಿ ತಂದು, ಇಲ್ಲೇ ಇರಬೇಕೆಂದು ಇಟ್ಟ ಕಲ್ಲುಗಳು. ಬೃಹತ್ ಶಿಲಾಯುಗದವರ ಕೆಲಸ. ಹುಣಸಗಿ ಕಡೆಯ ಹಣಮಸಾಗರದಲ್ಲಿ ಇದಕ್ಕಿಂತ ವಿಸ್ತಾರವಾದ ಇಂಥದೇ ಸಾಲುಗಳಿವೆ. ಸೂರ್ಯ ಹುಟ್ಟುವ ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ಇರುವ ಸಂಬಂಧವನ್ನು ಖಗೋಳ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ನಾವು ಅಳೆಯಲು ಬಂದವರಲ್ಲ. ಸೂರ್ಯ ಏರುತ್ತಾನೆ, ಪ್ರತಿ ಕಲ್ಲಿನ ನೆರಳೂ ಉದ್ದಕ್ಕೆ ಚಾಚಿ ಪಕ್ಕದ ಕಲ್ಲನ್ನು ಮುಟ್ಟುತ್ತದೆ. ಈ ಸೀಮೆಯ ಜನ ಎಷ್ಟು ಹಿಂದಿನಿಂದ ಕಲ್ಲಿನೊಂದಿಗೆ ಬಾಳಿದ್ದಾರೆ! ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆದು ತೆಗೆದ ಕಲ್ಲಾಯುಧಗಳ ಕಾರ್ಖಾನೆಗೆ ಸುಮಾರು 12 ಲಕ್ಷ ವರ್ಷ. ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ ಸತ್ತವರಿಗೆ ಕಟ್ಟಿದ ಕಲ್ಮನೆಗಳಿವೆ. ಶಹಾಪುರದ ಪಕ್ಕದ ಗೋಗಿಯಲ್ಲಿ ಆದಿಲ್‌ಶಾಹಿಯ ಮೊದಲ ಸುಲ್ತಾನರು ಮಲಗಿದ್ದಾರೆ. ಗೋಳಗುಮ್ಮಟ ನೋಡಲು ಓಡುವ ನಮ್ಮಲ್ಲಿ ಎಷ್ಟು ಜನ ಆ ವಂಶ ಕಟ್ಟಿದ ಯೂಸುಫನ ಗೋರಿಯ ಮುಂದೆ ನಿಂತಿದ್ದೇವೆ?

ಸುರಪುರ ಒಂದೇ ನೋಟಕ್ಕೆ ಸಿಗುವ ಊರಲ್ಲ. ಗುಡ್ಡಗಳ ಬಟ್ಟಲೊಳಗೆ ಬಚ್ಚಿಟ್ಟುಕೊಂಡಿದೆ. ರಸ್ತೆ ಏರಿ ತಿರುಗಿದ ಮೇಲೆ ತಟ್ಟನೆ ಮನೆಗಳು, ಅರಮನೆ, ವೇಣುಗೋಪಾಲಸ್ವಾಮಿ ಗುಡಿ. ಬೇಡ ನಾಯಕರ ರಾಜಧಾನಿ. ಇದಕ್ಕೂ ಮೊದಲು ಅವರಿದ್ದ ವಾಗಿನಗೇರಾ ಕೋಟೆ ಹತ್ತಿರದಲ್ಲೇ ಇದೆ. 1705ರಲ್ಲಿ ಎಂಬತ್ತಾರು ದಾಟಿದ ಔರಂಗಜೇಬ ತಾನೇ ಸೈನ್ಯ ತಂದು ಮುತ್ತಿದ ಕೋಟೆ ಅದು, ಅವನ ಬದುಕಿನ ಕೊನೆಯ ಮುತ್ತಿಗೆ. ಇಡೀ ಹಿಂದುಸ್ತಾನ ಆಳಿದವನನ್ನು ಪೀತಾಂಬರಿ ಪಿಡ್ಡನಾಯಕನ ಬೇಡರು ತಿಂಗಳುಗಟ್ಟಲೆ ಈ ಕಲ್ಲುಗಳ ನಡುವೆ ನಿಲ್ಲಿಸಿದರು. ಕೋಟೆ ಕೊನೆಗೆ ಬಿತ್ತು, ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಆ ಗುಡ್ಡದ ಇಳಿಜಾರು ನೋಡಿದರೆ ಕಾರಣ ಹೇಳಿಸಿಕೊಳ್ಳಬೇಕಿಲ್ಲ. ಇಲ್ಲಿ ಹುಟ್ಟಿದ ಕಾಲಿಗಷ್ಟೇ ಇದು ದಾರಿ.

ಗುಡಿಯ ಮುಂದಿನ ಬಯಲಲ್ಲಿ ನಿಲ್ಲುತ್ತೇವೆ. ಕೃಷ್ಣಾಷ್ಟಮಿಯ ನಂತರ ಇಲ್ಲಿ ಜಾತ್ರೆ. ಜಾತ್ರೆಯಲ್ಲಿ ಕಂಬಾರೋಹಣ. ಜಾರುವ ಎತ್ತರದ ಕಂಬ, ಹತ್ತುವವರ ಮೇಲೆ ನೀರಿನ ಸುರಿಮಳೆ, ಹೆಗಲ ಮೇಲೆ ಹೆಗಲು, ಜಾರಿ ಬೀಳುವವರು, ಮತ್ತೆ ಏರುವವರು, ಸುತ್ತ ಕೇಕೆ. ಅಣ್ಣ ಹುಡುಗನಾಗಿದ್ದಾಗ ಶಹಾಪುರದಿಂದ ಸೈಕಲ್ಲಿನಲ್ಲಿ ಇದನ್ನು ನೋಡಲು ಬರುತ್ತಿದ್ದನಂತೆ. “ಮ್ಯಾಲ ಹೋದವನ ಹೆಸರು ಎಲ್ಲಾರಿಗೂ ಗೊತ್ತು. ನಾ ತಳದಾಗ ಹೆಗಲು ಕೊಟ್ಟ ನಿಂತಾವರ ಕಾಲು ನೋಡ್ತಿದ್ದೆ” ಎಂದು ಅವನು ಒಮ್ಮೆ ಹೇಳಿದ್ದು ಈಗ ಈ ಖಾಲಿ ಬಯಲಲ್ಲಿ ಕೇಳಿದಷ್ಟು ಸ್ಪಷ್ಟವಾಗಿ ಅವತ್ತು ಕೇಳಿರಲಿಲ್ಲ.

ಟೇಲರ್ ಮಂಜಿಲ್‌ಗೆ ಏರು ದಾರಿ. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ. ಅಂಗಳದಲ್ಲಿ ನಿಂತರೆ ಸುತ್ತ ಸುರಪುರದ ಗುಡ್ಡಗಳೆಲ್ಲ ನೀಲಿ ನೀಲಿಯಾಗಿ ಹಿಂದೆ ಸರಿಯುತ್ತಾ ಹೋಗುತ್ತವೆ. ಟೇಲರ್ ಇಲ್ಲಿಗೆ ಬಂದಾಗ ಸಂಸ್ಥಾನದ ವಾರಸುದಾರ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮ. ಹುಡುಗ ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1853ರಲ್ಲಿ ರಾಜ್ಯವನ್ನು ಅವನ ಕೈಗೊಪ್ಪಿಸಿ ಟೇಲರ್ ಹೊರಟ. ಐದು ವರ್ಷ ಕಳೆಯಿತು. 1858ರ ಫೆಬ್ರುವರಿಯಲ್ಲಿ ಆ ಹುಡುಗ ಬ್ರಿಟಿಷರ ಮೇಲೆ ತಿರುಗಿಬಿದ್ದ. ಕ್ಯಾಪ್ಟನ್ ನ್ಯೂಬೆರಿ ಈ ಗುಡ್ಡಗಳ ನಡುವೆ ಸತ್ತ. ಊರು ಸೋತಿತು. ರಾಜ ಹೈದರಾಬಾದಿನಲ್ಲಿ ಸೆರೆಯಾದ. ಸೆರೆಮನೆಗೆ ನೋಡಲು ಹೋದ ಟೇಲರನ ಬಳಿ ಅವನು ಕೇಳಿಕೊಂಡದ್ದು ಒಂದೇ, ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಎಂದು. ಮರಣದಂಡನೆ ಇಳಿದು ಇಳಿದು ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುವಾಗ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿತು. ರಾಜ ಅಲ್ಲೇ ತೀರಿಹೋದ. ಇಪ್ಪತ್ತನಾಲ್ಕರ ಹರೆಯ.

ಕೆಳಗೆ ಊರಿನಲ್ಲಿ ಪಂಚರ್ ಅಂಗಡಿಯ ಹುಡುಗನ ಬಳಿ ವೆಂಕಟಪ್ಪ ನಾಯಕರ ಬಗ್ಗೆ ಕೇಳುತ್ತೇವೆ. ಅವನು ಟ್ಯೂಬು ಕೆಳಗಿಟ್ಟು ಎದ್ದು ನಿಲ್ಲುತ್ತಾನೆ. “ನಮ್ಮ ದೊರಿಗೋಳು” ಎನ್ನುತ್ತಾನೆ. ನೂರ ಅರವತ್ತು ವರ್ಷಕ್ಕೂ ಹಿಂದೆ ಹೋದವನ ಹೆಸರಿಗೆ ಎದ್ದು ನಿಂತು ಮಾತಾಡುತ್ತಿದ್ದಾನೆ, ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ. ನನ್ನ ಗಂಟಲು ಕಟ್ಟುತ್ತದೆ.

ಶಹಾಪುರಕ್ಕೆ ಮರಳುವಾಗ ಹೊತ್ತು ಇಳಿದಿದೆ. ಬುದ್ಧನ ಗೆರೆ ಈಗ ಕೆಂಪು ಆಕಾಶದ ಮೇಲೆ ಕಪ್ಪಗೆ. ರಾತ್ರಿಯ ರೈಲಿಗೆ ಇನ್ನೂ ಸಮಯವಿದೆ. ಅಕ್ಕ ದಾರಿಗೆಂದು ಖಟಿ ರೊಟ್ಟಿ ಕಟ್ಟುತ್ತಾ ಹೇಳುತ್ತಾರೆ: “ಹೋಗೂಕ್ಕಿಂತ ಮೊದಲ ನನಗ ಒಂದು ಕೆಲಸ ಮಾಡಿ ಕೊಡ್ರಿ. ಹಿತ್ತಲ ಗೋಡಿ ಬೀಳ್ಲಿಕತ್ತದ, ಬರೂ ಮಳಿಗಿ ಉಳಿಯಂಗಿಲ್ಲ. ಆ ಹಗ್ಗ ಬೇವಿನ ಗಿಡಕ್ಕ ಕಟ್ರಿ. ನನಗ ಆ ಗಂಟು ಬಿಚ್ಚಲಿಕ್ಕ ಬರವಲ್ಲದು.”

ನಾವು ನಾಲ್ವರೂ ಗೋಡೆಯ ಮುಂದೆ ನಿಂತಿದ್ದೇವೆ. ಅವನ ಕೈ ಹಾಕಿದ ಗಂಟು. ನಾನು ಮುಂದೆ ಹೋಗುವುದಿಲ್ಲ, ಉಳಿದಿಬ್ಬರೂ ಹೋಗುವುದಿಲ್ಲ. ಅಕ್ಕ ಕಾಯುತ್ತಿದ್ದಾರೆ, ಕಂಕುಳಲ್ಲಿ ಒದ್ದೆ ಬಟ್ಟೆಯ ಬುಟ್ಟಿ. ಕೊನೆಗೆ ಹುಡುಗಿಯೇ ಹೋಗಿ ಗಂಟಿನ ಬೆನ್ನ ಮೇಲೆ ಎರಡೂ ಹೆಬ್ಬೆರಳು ಊರುತ್ತಾಳೆ. ಮೂರು ಮಳೆಗಾಲ, ಮೂರು ಬೇಸಿಗೆ ಕುಡಿದು ಅದು ಕಟ್ಟಿಗೆಯಾಗಿದೆ. ಅವಳು ಆ ಕಡೆ ಈ ಕಡೆ ಬಾಗಿಸುತ್ತಾಳೆ, ಮುರಿಯುತ್ತಾಳೆ, ಉಸಿರು ಬಿಡುತ್ತಾಳೆ, ಮತ್ತೆ ಬಾಗಿಸುತ್ತಾಳೆ. ಒಂದೆಳೆ ಸಡಿಲುತ್ತದೆ. ಎಳೆ ಹಿಂದೆ ಸರಿದಂತೆ ಒಳಗಿನ ಹಗ್ಗ ಹೊರಗೆ ಬರುತ್ತದೆ. ಬಿಸಿಲೇ ಕಾಣದ ಆ ಒಂದು ಮೊಳ ಇನ್ನೂ ಹೊಚ್ಚ ನೀಲಿ, ಬಾದಾಮಿಯ ಕೆಂಪು ಗೋಡೆಯ ಮೇಲೆ ಕಂಡಿದ್ದ ಅದೇ ನೀಲಿ.

ಬೇವಿನ ಕಾಂಡಕ್ಕೆ ಸುತ್ತಿ ಅವಳು ಎಂಟು ಹಾಕುತ್ತಾಳೆ. ಹಗ್ಗ ಹಳೆಯ ತಿರುವುಗಳನ್ನು ಬಿಡುವುದಿಲ್ಲ, ತಾನಾಗಿಯೇ ಅತ್ತ ಬಾಗುತ್ತದೆ. ಅವಳು ಕಟ್ಟಿ ಕೈ ತೆಗೆದ ಮೇಲೆ ನಾವು ಮೂವರೂ ಒಬ್ಬರಾದ ಮೇಲೊಬ್ಬರು ಹೋಗಿ ಗಂಟನ್ನು ಮುಟ್ಟಿ, ಎಳೆ ಎಣಿಸಿ, ಬಾಲ ಅಳೆದು ನೋಡುತ್ತೇವೆ. ಅಣ್ಣ ಯಾರ ಗಂಟನ್ನೂ ಇನ್ನೊಬ್ಬರು ಮುಟ್ಟದೆ ನೆಲ ಬಿಡಲು ಬಿಡುತ್ತಿರಲಿಲ್ಲ.

“ಬಿಗಿ ಅದನ?” ಅಕ್ಕ ಕೇಳುತ್ತಾರೆ. ಉತ್ತರಕ್ಕೆ ಕಾಯದೆ ತಾವೇ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ, ಬುಟ್ಟಿಯಿಂದ ಒದ್ದೆ ಸೀರೆ ತೆಗೆದು ಕೊಡವಿ ಅದರ ಮೇಲೆ ಹರವುತ್ತಾರೆ.